ಪಾಟಿ ಟ್ರೇನಿಂಗ್: ಗಡಿಯಾರ, ಡೈಪರ್ ಮತ್ತು ಅಜ್ಜಿಯ ಕಾಲು

ಹೋದ ವರ್ಷದ ಮಾತು, ನಮ್ಮ ಮಗಳಿಗೆ ಆಗ ಎರಡೂಕಾಲು ವರ್ಷ. ಇಲ್ಲಿ ಪುಣೆಯ ಒಂದು ಪ್ಲೇಸ್ಕೂಲಿನವರು "ಡೈಪರ್ ಬಿಟ್ಟ ಮೇಲೆ ಕರ್ಕೊಂಡು ಬನ್ನಿ" ಅಂದರು. ಉಳಿದಿದ್ದು ಆರು ವಾರ. ನಾನು ರಿಲೀಸ್ ಡೇಟ್ ಹತ್ತಿರ ಬಂದವನ ಹಾಗೆ ಗಂಟೆಗೊಮ್ಮೆ ಅಲಾರಂ ಇಟ್ಟು ಕೂರಿಸಿದೆ. ಒಂದು ದಿನ ಗದರಿಬಿಟ್ಟೆ. ಅವತ್ತಿನಿಂದ ಮೂರು ದಿನ ಮಗು ಕಕ್ಕ ತಡೆದುಕೊಂಡಳು. ಆಮೇಲೆ ಇದರ ಇತಿಹಾಸ ಓದೋಕೆ ಕೂತೆ. ನೋಡಿದರೆ, ನಾನು ಮಾಡಿದ ತಪ್ಪಿಗೇ ನೂರು ವರ್ಷದ ಇತಿಹಾಸ ಇದೆ!

1920–30ರ ದಶಕದ ಅಮೆರಿಕ. ಅಲ್ಲಿನ ಸರ್ಕಾರದ ‘ಇನ್‌ಫ್ಯಾಂಟ್ ಕೇರ್’ ಕೈಪಿಡಿ, ಮೊದಲ ಕೆಲವೇ ತಿಂಗಳಲ್ಲಿ ಶುರು ಮಾಡಿ, ದಿನಾ ಅದೇ ಹೊತ್ತಿಗೆ ಕೂರಿಸಿ ಅನ್ನುತ್ತಿತ್ತು. ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ 1928ರಲ್ಲಿ ಮಕ್ಕಳನ್ನು ಜಾಸ್ತಿ ಮುದ್ದು ಮಾಡಬೇಡಿ ಅಂತಲೇ ಬರೆದ. 1946ರಲ್ಲಿ ಡಾಕ್ಟರ್ ಬೆಂಜಮಿನ್ ಸ್ಪಾಕ್ ಪುಸ್ತಕ ಬಂದ ಮೇಲೆ ಈ ಬಿಗಿ ಸಡಿಲವಾಗುತ್ತಾ ಬಂತು.

ದೊಡ್ಡ ತಿರುವು 1962ರದ್ದು. ಮಕ್ಕಳ ವೈದ್ಯ ಬೆರಿ ಬ್ರೇಜಲ್ಟನ್ ಹತ್ತು ವರ್ಷ 1,170 ಮಕ್ಕಳನ್ನು ಗಮನಿಸಿ ಒಂದು ಪ್ರಬಂಧ ಪ್ರಕಟಿಸಿದರು. ಅವರ ಕ್ರಮ ತುಂಬಾ ಸರಳ. ಸುಮಾರು 18 ತಿಂಗಳಿಗೆ ಮಗುವಿಗೆ ತನ್ನದೇ ಅಂತ ಒಂದು ಪಾಟಿ ಕುರ್ಚಿ ಕೊಡಿ. ಮೊದಲು ಬಟ್ಟೆ ಹಾಕಿಕೊಂಡೇ ಸುಮ್ಮನೆ ಕೂರಲಿ. ಒಂದೆರಡು ವಾರ ಬಿಟ್ಟು ಡೈಪರ್ ತೆಗೆದು ಕೂರಿಸಿ. ಆಮೇಲೆ ಡೈಪರ್‌ನಲ್ಲಿ ಆಗಿದ್ದನ್ನು ಮಗುವಿನ ಎದುರೇ ಪಾಟಿಗೆ ಹಾಕಿ, ಅದು ಎಲ್ಲಿಗೆ ಸೇರಬೇಕು ಅಂತ ತಿಳಿಯಲಿ. ಆಸಕ್ತಿ ತೋರಿಸಿದರೆ ಸ್ವಲ್ಪ ಹೊತ್ತು ಡೈಪರ್ ಇಲ್ಲದೆ ಬಿಡಿ. ಬೇಡ ಅಂದರೆ ಒಂದು ಹೆಜ್ಜೆ ಹಿಂದೆ. ಹಗಲಿನ ಅಭ್ಯಾಸ ಪೂರ್ತಿಯಾಗಿದ್ದು ಸರಾಸರಿ 28.5 ತಿಂಗಳಿಗೆ.

ಆದರೆ ಇನ್ನೊಂದು ವಿಷಯನೂ ಹೇಳಬೇಕು. ಪ್ಯಾಂಪರ್ಸ್ ಮಾರುಕಟ್ಟೆಗೆ ಬಂದಿದ್ದು 1961ರಲ್ಲಿ. 1998ರಲ್ಲಿ ಇದೇ ಬ್ರೇಜಲ್ಟನ್ ದೊಡ್ಡ ಮಕ್ಕಳ ಪ್ಯಾಂಪರ್ಸ್ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಅದರಿಂದ ಅವರ ಕ್ರಮ ಸುಳ್ಳಾಗಲ್ಲ, ಆದರೆ "ಎಷ್ಟು ತಡವಾದರೂ ಪರವಾಗಿಲ್ಲ" ಅನ್ನೋ ಮಾತಿನಿಂದ ಯಾರಿಗೆ ಲಾಭ ಅಂತ ಕೇಳಿಕೊಳ್ಳಬೇಕಲ್ವಾ?

ಯಾಕಂದ್ರೆ 1977ರಲ್ಲಿ ಇನ್ನೊಂದು ಅಧ್ಯಯನ ಬಂತು. ಪೂರ್ವ ಆಫ್ರಿಕಾದ ಡಿಗೋ ಜನರಲ್ಲಿ ತಾಯಂದಿರು ಮೊದಲ ವಾರಗಳಲ್ಲೇ ಶುರು ಮಾಡಿ, ಐದಾರು ತಿಂಗಳಿಗೆ ಮಗುವನ್ನು ಹೆಚ್ಚುಕಡಿಮೆ ಒಣಗಿರುವ ಹಾಗೆ ನೋಡಿಕೊಳ್ಳುತ್ತಿದ್ದರು. ಹೊಡೆತ ಬಡಿತ ಇಲ್ಲ. ಮಗುವಿನ ಸನ್ನೆ ನೋಡಿ ಎತ್ತಿ ಕೂರಿಸೋದು, ಬಾಯಲ್ಲಿ ‘ಶ್ಶ್’ ಶಬ್ದ. ಇದನ್ನ ಓದುವಾಗ ನನಗೆ ನೆನಪಾಗಿದ್ದು ನಮ್ಮಜ್ಜಿ. ಹಿತ್ತಲಲ್ಲಿ ಕಾಲು ಚಾಚಿ, ಪಾದಗಳ ಮೇಲೆ ಮಗು ಕೂರಿಸಿ ‘ಸ್ಸ್’ ಅನ್ನುತ್ತಿದ್ದ ಅದೇ ದೃಶ್ಯ.

ಹಾಗಾದರೆ ಸರಿ ವಯಸ್ಸು ಯಾವುದು? ಮಗುವನ್ನೇ ನೋಡುತ್ತಾ ಕೂರೋಕೆ ಮನೆಯಲ್ಲಿ ಯಾರಿದ್ದಾರೆ ಅನ್ನೋದರ ಮೇಲೂ ಅದು ನಿಂತಿದೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಅಜ್ಜಿ ವಿಡಿಯೋ ಕಾಲ್‌ನಲ್ಲಿ. ಹಾಗಾಗಿ ನಮಗೆ ಬ್ರೇಜಲ್ಟನ್ ದಾರಿಯೇ ಸರಿಹೋಯಿತು. ಆದರೆ ಡಿಗೋ ತಾಯಿ, ನಮ್ಮಜ್ಜಿ, ಬ್ರೇಜಲ್ಟನ್ ಮೂವರೂ ನೋಡಿದ್ದು ಮಗುವಿನ ಮುಖ. ನಾನು ನೋಡಿದ್ದು ಗಡಿಯಾರ.

ಅಲಾರಂ ತೆಗೆದೆ. ಪ್ಲೇಸ್ಕೂಲ್ ಎರಡು ತಿಂಗಳು ತಡವಾಯಿತು. ಒಂದು ಭಾನುವಾರ ಅವಳೇ ಬಂದು ನನ್ನ ಕೈ ಹಿಡಿದು ಎಳೆದಳು: "ಅಪ್ಪಾ, ಪಾಟಿ."