ಮೆರಿಟ್ ಇದ್ದವನಿಗೆ ಮಣ್ಣಿನ ಲೋಟ: ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಲೂ ಕಥೆ



ಮೊನ್ನೆ ಆಫೀಸಿನಲ್ಲಿ ಮಧ್ಯಾಹ್ನ ಊಟದ ಹೊತ್ತಿಗೆ ಕ್ರಿಕೆಟ್ ಮಾತು ಬಂತು. ಸಹೋದ್ಯೋಗಿಯೊಬ್ಬರು ನಗಾಡಿಕೊಂಡೇ ಹೇಳಿದ್ರು, "ಕ್ರಿಕೆಟಲ್ಲಿ ಒಂದು ನಿಮ್ಮ ಮೀಸಲಾತಿ ಇಲ್ಲ ಮಾರಾಯ್ರೆ, ಅಲ್ಲಿ ಮೆರಿಟ್ ಬೇಕು." ನಾನು ಆಗ ಏನೂ ಹೇಳಲಿಲ್ಲ. ಬುತ್ತಿ ಮುಚ್ಚಿ ಎದ್ದು ಬಂದೆ. ಉತ್ತರ ಇಲ್ಲಿ ಬರೀತಿದ್ದೇನೆ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ಪಲ್ವಂಕರ್ ಬಾಲೂ. ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1870ರ ದಶಕದ ನಡುವೆ. ಮೂಲ ಕೊಂಕಣದ್ದು, ಚಮಾರ್ ಸಮುದಾಯ. ಬೆಳೆದದ್ದು ಪುಣೆಯಲ್ಲಿ. ಮೊದಲ ಕೆಲಸ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ಪಿಚ್ ಗುಡಿಸುವುದು, ರೋಲರ್ ಎಳೆಯುವುದು. ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಕ್ಲಬ್ಬಿಗೆ ಹೋದರು, ಅಲ್ಲಿ 4 ರೂಪಾಯಿ. ಅಲ್ಲಿ ನೆಟ್ಸ್ ಕಟ್ಟುತ್ತಾ, ಗೆರೆ ಎಳೆಯುತ್ತಾ ಇದ್ದ ಹುಡುಗ ಬಿಳಿಯರಿಗೆ ಬೌಲಿಂಗ್ ಮಾಡಲು ಶುರು ಮಾಡಿದ. ಎಡಗೈ ಸ್ಪಿನ್. ಕ್ಯಾಪ್ಟನ್ ಗ್ರೆಗ್ ಎಂಬ ಅಧಿಕಾರಿ ತನ್ನನ್ನು ಔಟ್ ಮಾಡಿದಾಗಲೆಲ್ಲ ಬಾಲೂಗೆ ಎಂಟಾಣೆ ಕೊಡುತ್ತಿದ್ದ ಅನ್ನುವ ಮಾತುಂಟು. ಆದರೆ ಕೈಗೆ ಬ್ಯಾಟ್ ಮಾತ್ರ ಕೊಡಲಿಲ್ಲ. ಬ್ಯಾಟಿಂಗ್ ಏನಿದ್ದರೂ ಸಾಹೇಬರ ಕೆಲಸ.

ಬಿಳಿಯರನ್ನು ಸೋಲಿಸಬೇಕು ಅಂದಾಗ ಪುಣೆಯ ಹಿಂದೂ ಕ್ಲಬ್ಬಿಗೆ ಈ ಎಡಗೈ ಬೇಕಾಯಿತು. ಸೇರಿಸಿಕೊಳ್ಳುವುದೋ ಬೇಡವೋ ಎಂದು ದೊಡ್ಡ ಚರ್ಚೆ ನಡೆಯಿತು. ಕೊನೆಗೆ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಚಹಾ ವಿರಾಮ ಬಂತೋ, ಉಳಿದವರು ಪೆವಿಲಿಯನ್ ಒಳಗೆ, ಬಾಲೂ ಹೊರಗೆ. ಅವರಿಗೆ ಕುಡಿದು ಬಿಸಾಡುವ ಮಣ್ಣಿನ ಲೋಟ. ಊಟಕ್ಕೂ ಬೇರೆ ಜಾಗ.

ಇದು ಓದಿದಾಗ ನನಗೆ ಅಜ್ಜಿ ನೆನಪಾದಳು. ನಮ್ಮ ಕಡೆ ಮಣ್ಣಿನ ಲೋಟವೂ ಇರಲಿಲ್ಲ, ತೆಂಗಿನ ಗೆರಟೆ. ಇಡೀ ಗದ್ದೆ ನೇಜಿ ನೆಟ್ಟ ಕೈಗೆ ಅಂಗಳದ ಆಚೆ ಗೆರಟೆಯಲ್ಲಿ ಚಹಾ. ನೆಟ್ಟ ಅಕ್ಕಿಗೆ ಮೈಲಿಗೆ ಇಲ್ಲ, ನೆಟ್ಟವಳಿಗೆ ಉಂಟು. ಬಾಲೂ ಬೌಲಿಂಗ್ ಮಾಡುತ್ತಿದ್ದ ಅದೇ ಕಾಲದಲ್ಲಿ, 1897ರಲ್ಲಿ, ಕುದ್ಮುಲ್ ರಂಗರಾಯರು ಇದೇ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ್ದಕ್ಕೆ ಅವರಿಗೆ ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದ್ದು ನಿಮಗೆ ಗೊತ್ತೇ ಉಂಟು.

ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. ಆಸ್ಟ್ರೇಲಿಯಾದ ಮೂಲನಿವಾಸಿ ಪಾಂಪಿ ಆಸ್ಟಿನ್ ಹಣದ ಪಂದ್ಯಗಳಲ್ಲಿ ಓಡಿ ಹೆಸರು ಮಾಡಿದವರು. 1872ರಲ್ಲಿ ಗೀಲಾಂಗ್ ಕ್ಲಬ್ ಅವರನ್ನು ಕರೆದು ಕಾರ್ಲ್ಟನ್ ವಿರುದ್ಧ ಅಲ್ಲಿನ ಫುಟ್‌ಬಾಲ್ ಆಡಿಸಿತು. ಆ ಕ್ಲಬ್ಬಿಗೆ ಅವರು ಆಡಿದ್ದು ಅದೊಂದೇ ಪಂದ್ಯ. ಅಲ್ಲೂ ಓಡುವ ಕಾಲು ಬೇಕಿತ್ತು, ಕಾಲಿನ ಒಡೆಯನ ಮೇಲೆ ಹಕ್ಕು ಮಾತ್ರ ಬೇರೆಯವರದ್ದು.

ಈಗ ಮೆರಿಟ್ ವಿಷಯಕ್ಕೆ ಬರೋಣ. ಬಾಲೂ ಪುಣೆಯಿಂದ ಬಾಂಬೆಗೆ ಹೋದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿತು. ಆ ತಂಡದಲ್ಲಿ ಬಾಲೂ ಇದ್ದರು, ತಮ್ಮ ಶಿವರಾಮ್ ಇದ್ದರು. 1911ರಲ್ಲಿ ಪಟಿಯಾಲ ಮಹಾರಾಜರ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಹೆಚ್ಚಿನ ಪಂದ್ಯ ಸೋತಿತು, ಬಾಲೂ ಒಬ್ಬರೇ 114 ವಿಕೆಟ್ ಕಿತ್ತರು. ಇದಕ್ಕಿಂತ ಹೆಚ್ಚಿನ ಮೆರಿಟ್ ಯಾವುದು ಸ್ವಾಮಿ? ಆದರೂ ಹಿಂದೂ ತಂಡದ ಕ್ಯಾಪ್ಟನ್ ಪಟ್ಟ ಅವರಿಗೆ ಸಿಗಲೇ ಇಲ್ಲ. 1920ರಲ್ಲಿ ಬಾಲೂರನ್ನು ಕೈಬಿಟ್ಟು, ತಮ್ಮ ವಿಠ್ಠಲ್‌ರನ್ನೂ ಬದಿಗಿಟ್ಟು ಬೇರೆಯವರನ್ನು ಕ್ಯಾಪ್ಟನ್ ಮಾಡಿದಾಗ ಶಿವರಾಮ್, ವಿಠ್ಠಲ್ ಇಬ್ಬರೂ ಬಹಿರಂಗವಾಗಿ ಕಾರಣ ಹೇಳಿ ತಂಡದಿಂದ ಹೊರನಡೆದರು. ಆಮೇಲೆ ದಾರಿ ಬಿಟ್ಟಿತು. 1923ರಲ್ಲಿ ವಿಠ್ಠಲ್ ಕ್ಯಾಪ್ಟನ್ ಆದರು. 114 ವಿಕೆಟಿಗೆ ತೆರೆಯದ ಬಾಗಿಲು ಇಬ್ಬರು ಒಟ್ಟಾಗಿ "ಆಡುವುದಿಲ್ಲ" ಅಂದಾಗ ಅಲ್ಲಾಡಿತು.

ಇನ್ನು ನಮ್ಮವರೇ ಮಾತಾಡಲು ಹಿಂಜರಿಯುವ ಭಾಗ. ಯುವಕ ಅಂಬೇಡ್ಕರ್‌ಗೆ ಬಾಲೂ ಅಂದರೆ ಹೆಮ್ಮೆ. ಆದರೆ 1932ರಲ್ಲಿ ಪ್ರತ್ಯೇಕ ಚುನಾವಣಾ ಕ್ಷೇತ್ರದ ಪ್ರಶ್ನೆ ಬಂದಾಗ ಬಾಲೂ ಎಂ.ಸಿ. ರಾಜಾ ಅವರ ಜೊತೆ ಎದುರು ಪಾಳಯದಲ್ಲಿದ್ದರು. ಪೂನಾ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರಲ್ಲಿ ಕಾಂಗ್ರೆಸ್ ಬಾಬಾಸಾಹೇಬರ ವಿರುದ್ಧ ಬಾಂಬೆಯಲ್ಲಿ ಇದೇ ಬಾಲೂರನ್ನು ನಿಲ್ಲಿಸಿತು. ಬಾಬಾಸಾಹೇಬರಿಗೆ 13,245 ಮತ, ಬಾಲೂಗೆ 11,225. ಅಂತರ ಬರೀ 2,020.

ಈ ಕಾರಣಕ್ಕೆ ಕೆಲವರು ಬಾಲೂ ಹೆಸರನ್ನೇ ಎತ್ತುವುದಿಲ್ಲ. "ಚಮಚಾ" ಅಂದವರೂ ಉಂಟು. ನಾನು ಒಪ್ಪುವುದಿಲ್ಲ. ಅವರ ರಾಜಕೀಯ ತಪ್ಪು ಅಂತ ನಾನೂ ಹೇಳುತ್ತೇನೆ. ಆದರೆ ಒಮ್ಮೆ ಯೋಚನೆ ಮಾಡಿ. ಮಣ್ಣಿನ ಲೋಟದಿಂದ ಶುರು ಮಾಡಿ ಒಳಗಿನ ಮೇಜಿನವರೆಗೆ ನಡೆದ ಮನುಷ್ಯ ಅವರು. ಚೆನ್ನಾಗಿ ಆಡಿದರೆ ಎದುರಿನವರು ಬದಲಾಗ್ತಾರೆ ಅಂತ ನಂಬಿರಬಹುದು ಅಂತ ನನಗನಿಸ್ತದೆ. ಬಾಬಾಸಾಹೇಬರು ಬೇರೆಯದೇ ಕಂಡಿದ್ದರು. ಒಬ್ಬ ಬಾಲೂಗೆ ಮೇಜಿನಲ್ಲಿ ಜಾಗ ಸಿಕ್ಕಿದ ಮಾತ್ರಕ್ಕೆ ಕೇರಿಯವರಿಗೆ ಕೆರೆಯ ನೀರು ಸಿಗುವುದಿಲ್ಲ, ಅದಕ್ಕೆ ಹಕ್ಕು ಬೇಕು, ಕಾನೂನು ಬೇಕು. ಇಬ್ಬರೂ ನಮ್ಮವರೇ. ಬಾಲೂರನ್ನು ಪಟ್ಟಿಯಿಂದ ಅಳಿಸಿದರೆ ಈ ಜಗಳ ನಮ್ಮ ಮನೆಯೊಳಗೇ ನಡೆದದ್ದು ಎಂಬುದನ್ನೂ ಅಳಿಸಿದ ಹಾಗೆ.

ಬಾಲೂ ತೀರಿಕೊಂಡದ್ದು 1955ರ ಜುಲೈಯಲ್ಲಿ. ಅಷ್ಟೊತ್ತಿಗೆ ಬಾಬಾಸಾಹೇಬರ ಸಂವಿಧಾನ ಜಾರಿಗೆ ಬಂದು ಐದು ವರ್ಷ ಆಗಿತ್ತು. 17ನೇ ವಿಧಿ ಆ ಮಣ್ಣಿನ ಲೋಟವನ್ನು ಅಪರಾಧ ಮಾಡಿತ್ತು.

ನಾಳೆ ಆ ಸಹೋದ್ಯೋಗಿಗೆ ಬಾಲೂ ಹೆಸರು ಹೇಳುತ್ತೇನೆ. ನೀವೂ ನಿಮ್ಮ ಮಕ್ಕಳಿಗೆ ಹೇಳಿ. 114 ವಿಕೆಟ್ ಹೇಳಿ, ಮಣ್ಣಿನ ಲೋಟ ಹೇಳಿ, 1937ನ್ನೂ ಹೇಳಿ, ಬಿಡಬೇಡಿ.

ಜೈ ಭೀಮ್.