ಪ್ಲಾನು, ಯೋಜನೆ, ಹೂಟ

ತೆಲಿಗಿಯಲ್ಲಿ ಅಣ್ಣನ ಮನೆಗೆ ಪಾಯ ತೆಗೆಯುವ ದಿನ. ಗೌಂಡಿ ಪ್ಲಾನಿನ ಹಾಳೆಯನ್ನು ನೆಲಕ್ಕೆ ಹರಡಿ ನಾಲ್ಕು ಮೂಲೆಗೂ ಕಲ್ಲಿಟ್ಟ. ಗೂಟ ಬಡಿದ, ದಾರ ಎಳೆದ, ದಾರದ ಗುಂಟ ಸುಣ್ಣದ ಪುಡಿ ಉದುರಿಸುತ್ತ ಹೋದ. ನೋಡನೋಡುತ್ತ ಪಡಸಾಲೆ, ದೇವರ ಕೋಣೆ, ಅಡುಗೆಮನೆ ಮಣ್ಣಿನ ಮೇಲೆ ಮೂಡಿದವು. ಅತ್ತಿಗೆ ಗೆರೆ ತುಳಿಯದೆ, ಬಾಗಿಲು ಬರುವ ಜಾಗದಿಂದಲೇ ಒಳಗೆ ಹೋಗಿ ಒಲೆ ಬರುವಲ್ಲಿ ನಿಂತರು.

ಪ್ಲಾನ್ ಎಂಬ ಮಾತಿನ ಹುಟ್ಟೂ ಹೀಗೆ ನೆಲದಲ್ಲೇ ಇದೆ. ಲ್ಯಾಟಿನ್ನಿನಲ್ಲಿ ಅದರ ಮೂಲಕ್ಕೆ ಸಮತಟ್ಟು ಎಂದರ್ಥ. ಫ್ರೆಂಚರಲ್ಲಿ ಕಟ್ಟಡದ ನಕ್ಷೆಯಾಯಿತು. ಇಂಗ್ಲಿಷಿಗೆ ಬಂದ ಮೇಲೆ ನಾಳೆಯ ಕೆಲಸದ ಲೆಕ್ಕಾಚಾರವೂ ಆಯಿತು. ನಮ್ಮ ಕಡೆ ಅದು ಇನ್ನೂ ಬೆಳೆದಿದೆ. ಮೊಬೈಲಿನ 28 ದಿನದ ಪ್ಲಾನ್ ಮುಗಿಯುತ್ತದೆ. ಪಂಚಾಯ್ತಿ ಕಟ್ಟೆಯಲ್ಲಿ ‘ನಮ್ಮ ಓಣಿ ಚರಂಡಿ ಆಕ್ಷನ್ ಪ್ಲಾನ್‌ನಾಗ ಐತೇನ್ರಿ’ ಎಂದು ಕೇಳುತ್ತಾರೆ. ಪ್ಲಾನ್ ‘ಮಾಡಿದರೆ’ ಅದು ಮದುವೆಗೋ ಧರ್ಮಸ್ಥಳಕ್ಕೋ ಇರಬಹುದು. ‘ಏನೋ ಪ್ಲಾನ್ ಹಾಕ್ಯಾನ’ ಅಂದರೆ ಮಾತ್ರ ಕೇಳಿದವರು ಹುಷಾರಾಗುತ್ತಾರೆ.

ಸರ್ಕಾರದ ಕಾಗದದಲ್ಲಿ ಅದು ಯೋಜನೆ. ವಿಶ್ವೇಶ್ವರಯ್ಯನವರು ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು 1934ರಲ್ಲೇ ಪುಸ್ತಕ ಬರೆದಿದ್ದರು. 1951ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಶುರುವಾದಾಗ ತೆಲಿಗಿ ಇರುವ ನಮ್ಮ ಹರಪನಹಳ್ಳಿ ತಾಲ್ಲೂಕು ಮದ್ರಾಸ್ ರಾಜ್ಯದ್ದು. ಆ ಯೋಜನೆ ಮುಗಿಯುವ ಮುಂಚೆಯೇ, 1953ರ ಅಕ್ಟೋಬರ್ 1ರಂದು, ಮೈಸೂರಿನದಾಯಿತು.

ಯೋಜನೆಯ ಬೇರು ಸಂಸ್ಕೃತದ ‘ಯುಜ್’. ಕೂಡಿಸು, ನೊಗಕ್ಕೆ ಕಟ್ಟು ಎಂದರ್ಥ. ದಾರಿ ಅಳೆಯುವ ‘ಯೋಜನ’ವೂ ಅಲ್ಲಿಂದಲೇ ಬಂದದ್ದು: ಒಮ್ಮೆ ಕಟ್ಟಿದ ನೊಗ ಬಿಚ್ಚದೆ ಸಾಗುವಷ್ಟು ದೂರ. ಇದು ತಿಳಿದ ದಿನ ನನಗೆ ನಮ್ಮ ‘ಹೂಡು’ ನೆನಪಾಗಿ ಮೈ ಜುಮ್ಮೆಂದಿತು. ಬಂಡಿ ಹೂಡುತ್ತೇವೆ, ಗಳೆ ಹೂಡುತ್ತೇವೆ. ಸಂಚು, ದಾವೆ, ಬಂಡವಾಳ ಎಲ್ಲವನ್ನೂ ಹೂಡುತ್ತೇವೆ. ಹೂಟ ಎಂದರೆ ಉಪಾಯವೂ ಹೌದು. ಬೇರೆ ಬೇರೆ ಕುಲದ ಎರಡು ಭಾಷೆಗಳು ಮುಂದಿನದನ್ನು ಯೋಚಿಸಲು ಕೂತಾಗ ಎರಡಕ್ಕೂ ಕಂಡದ್ದು ಎತ್ತಿನ ಹೆಗಲು!

ಮೂರರಲ್ಲಿ ನನಗೆ ಹೂಡುವುದೇ ಹತ್ತಿರ. ಮುಂಗಾರಿನ ಹದ ಮಳೆ ಬಿದ್ದ ಸಂಜೆ ದೊಡ್ಡಪ್ಪ ‘ನಾಳಿಗೆ ಹೂಡಾನು’ ಎಂದರೆ ಮನೆಯೇ ಎದ್ದು ಕೂರುತ್ತಿತ್ತು. ಲಾಟೀನಿನ ಬೆಳಕಿನಲ್ಲಿ ಅವರು ಮಿಣಿಯನ್ನು ಗೇಣುಗೇಣಾಗಿ ಬೆರಳಾಡಿಸಿ ನೋಡುವರು, ಎಳೆ ಹರಿದಲ್ಲಿ ಬಿಗಿಯುವರು. ದೊಡ್ಡಮ್ಮ ಬುತ್ತಿಯ ರೊಟ್ಟಿಗೆ ಹಿಟ್ಟು ತೆಗೆದಿಡುವಳು. ಎತ್ತುಗಳಿಗೆ ಅವತ್ತು ಒಂದು ಹಿಡಿ ಹಿಂಡಿ ಜಾಸ್ತಿ. ಅಷ್ಟೂ ಕೆಲಸಕ್ಕೆ ಬೇರೆ ಅಪ್ಪಣೆ ಬೇಕಿರಲಿಲ್ಲ.

ಈಗ ‘ಟ್ರ್ಯಾಕ್ಟರ್ ಹೊಡಸ್ತೀವಿ’ ಅನ್ನುತ್ತಾರೆ. ಹೊಲದಿಂದ ಎದ್ದ ‘ಹೂಡು’ ಕೋರ್ಟಿನ ದಾವೆಯಲ್ಲಿ, ಬ್ಯಾಂಕಿನ ಹೂಡಿಕೆಯಲ್ಲಿ ಉಳಿದುಕೊಂಡಿದೆ. ದೊಡ್ಡಪ್ಪ ಮಾತ್ರ ಬಿಟ್ಟಿಲ್ಲ. ಮೊನ್ನೆ ಮಳೆ ನಿಂತ ಮೇಲೆ ಕಟ್ಟೆಯ ಮೇಲೆ ಕೂತು ಮಗನನ್ನು ಕೇಳಿದರು: ‘ನಾಳಿಗೆ ಎಷ್ಟೊತ್ತಿಗೆ ಹೂಡ್ತೀಯಪಾ?’

ಟ್ರ್ಯಾಕ್ಟರಿನ ಕೀಲಿಯನ್ನು ಅಂಗಿಯ ಜೇಬಿಗೆ ಹಾಕುತ್ತ ಅವನು, ‘ಆರಕ್ಕೆ ಹೂಡ್ತೀನಿ ಅಪ್ಪ’ ಎಂದ.