ವಿಕ್ರಮ್ ಮತ್ತೆ ಏಕೆ ಎಚ್ಚರಗೊಳ್ಳಲಿಲ್ಲ? ಬಾಹ್ಯಾಕಾಶದಲ್ಲಿ ಕರೆಂಟ್ ಬರುವುದು ಎಲ್ಲಿಂದ?

"ಚಂದ್ರಯಾನ-3ರ ಬ್ಯಾಟರಿ ಕೆಟ್ಟುಹೋಯಿತು, ಹದಿನಾಲ್ಕೇ ದಿನಕ್ಕೆ ಎಲ್ಲ ಮುಗಿಯಿತು" ಎಂಬ ಮಾತು ಆಗಾಗ ಕೇಳಿಬರುತ್ತದೆ. "ಬಾಹ್ಯಾಕಾಶದಲ್ಲಿ ಸದಾ ಬಿಸಿಲಿರುವಾಗ ಕರೆಂಟಿಗೆ ಬರವೇಕೆ?" ಎಂದು ಕೇಳುವವರೂ ಇದ್ದಾರೆ. ಎರಡಕ್ಕೂ ಉತ್ತರ ಒಂದೇ: ನೌಕೆಗೆ ನಿಜವಾದ ಪರೀಕ್ಷೆ ನೆರಳಿನಲ್ಲಿ.

ರಾಕೆಟ್ ಇಂಧನದಿಂದ ಕರೆಂಟ್ ಬರುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ನೌಕೆಯಲ್ಲಿರುವ ಇಂಧನ ಪಥ ಬದಲಿಸಲು ಮತ್ತು ದಿಕ್ಕು ಸರಿಪಡಿಸಲು ಬಳಕೆಯಾಗುತ್ತದೆ. ಕರೆಂಟ್ ಬರುವುದು ಸೌರ ಫಲಕಗಳಿಂದ. ಹೊಲದ ಸೋಲಾರ್ ಪಂಪ್‌ಸೆಟ್‌ನ ಫಲಕ ಕೆಲಸ ಮಾಡುವುದೂ ಇದೇ ತತ್ವದಲ್ಲಿ. ಬಿಸಿಲಿರುವಾಗ ಫಲಕಗಳು ಉಪಕರಣಗಳನ್ನು ನಡೆಸುತ್ತವೆ, ಜೊತೆಗೆ ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತವೆ. ನೆರಳು ಬಂದಾಗ ಬ್ಯಾಟರಿಯೇ ಆಸರೆ.

1975ರ ಏಪ್ರಿಲ್ 19ರಂದು ಹಾರಿದ ಭಾರತದ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದಲ್ಲಿ. ಅದರ ಮೈಮೇಲೆಲ್ಲ ಸೌರಕೋಶಗಳಿದ್ದವು, ಒಳಗೆ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ವ್ಯವಸ್ಥೆಯಲ್ಲಿ ದೋಷ ಕಾಣಿಸಿಕೊಂಡು ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಇಂದಿನ ನೌಕೆಗಳಲ್ಲಿ ಹೆಚ್ಚಾಗಿ ಇರುವುದು ಲಿಥಿಯಂ-ಅಯಾನ್ ಬ್ಯಾಟರಿ, ಅಂದರೆ ನಿಮ್ಮ ಮೊಬೈಲಿನಲ್ಲಿರುವ ಜಾತಿಯದೇ.

ನಿಮ್ಮ ಟಿವಿ ಉಪಗ್ರಹಕ್ಕೂ ಕತ್ತಲೆ ಉಂಟು

ಮಂಗಸೂಳಿಯ ಮಾಳಿಗೆಯ ಮೇಲೆ ಆಗ್ನೇಯಕ್ಕೆ ಮುಖ ಮಾಡಿದ ಡಿಡಿ ಫ್ರೀ ಡಿಶ್ ಇದ್ದರೆ, ಅದು ನೋಡುತ್ತಿರುವುದು ಸುಮಾರು 36,000 ಕಿ.ಮೀ. ಎತ್ತರದ ಜಿಸ್ಯಾಟ್-15 ಉಪಗ್ರಹವನ್ನು. ಅದರ ಫಲಕಗಳ ಸಾಮರ್ಥ್ಯ ಸುಮಾರು 6,200 ವ್ಯಾಟ್. ಕಬ್ಬಿಗೆ ನೀರು ಹಾಯಿಸುವ 5 ಎಚ್‌ಪಿಯ ಎರಡು ಮೋಟಾರ್‌ಗಳಿಗೂ ಇದು ಸಾಲದು!

ವರ್ಷದ ಬಹುಪಾಲು ಅದರ ಮೇಲೆ ಬಿಸಿಲಿರುತ್ತದೆ. ಆದರೆ ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನ ಸುಮಾರು ಆರಾರು ವಾರಗಳಲ್ಲಿ ಪ್ರತಿ ರಾತ್ರಿ ಅದು ಭೂಮಿಯ ನೆರಳಿಗೆ ಸರಿಯುತ್ತದೆ. ಗರಿಷ್ಠ ಅವಧಿ ಸುಮಾರು 72 ನಿಮಿಷ. ನಮ್ಮಲ್ಲಿ ಆಗ ರಾತ್ರಿ 11 ಗಂಟೆಯ ಹೊತ್ತು. ಟಿವಿ ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ಉಪಗ್ರಹ ಆಗ ಬ್ಯಾಟರಿಯ ಮೇಲೆ ನಡೆಯುತ್ತಿರುತ್ತದೆ. ಇಂಥ ಉಪಗ್ರಹಗಳ ಆರೋಗ್ಯವನ್ನು ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಮ್ಮ ಹಾಸನದಲ್ಲಿ.

ಹಾಗಾದರೆ ವಿಕ್ರಮ್‌ಗೆ ಏನಾಯಿತು?

ಟಿವಿ ಉಪಗ್ರಹದ ಕತ್ತಲೆ ನಿಮಿಷಗಳ ಲೆಕ್ಕದ್ದು. ಚಂದ್ರನ ರಾತ್ರಿ ಭೂಮಿಯ ಸುಮಾರು 14 ದಿನಗಳಷ್ಟು ದೀರ್ಘ. ವಿಕ್ರಮ್ ಲ್ಯಾಂಡರ್‌ನ ಸೌರ ಸಾಮರ್ಥ್ಯ 738 ವ್ಯಾಟ್, ಹೆಚ್ಚುಕಡಿಮೆ ಒಂದು ಅಡುಗೆಮನೆ ಮಿಕ್ಸಿಯಷ್ಟು. ಪ್ರಜ್ಞಾನ್ ರೋವರ್‌ನದು ಬರೀ 50 ವ್ಯಾಟ್.

ಅವು 2023ರ ಆಗಸ್ಟ್ 23ರಂದು, ಅಲ್ಲಿ ಬೆಳಗಾದ ಹೊತ್ತಿಗೆ ಇಳಿದವು. ಒಂದು ಚಂದ್ರ-ಹಗಲು ಕೆಲಸ ಮಾಡುವುದಷ್ಟೇ ಮೊದಲಿನಿಂದಲೂ ಇದ್ದ ಗುರಿ. ಅಷ್ಟರಲ್ಲಿ ಪ್ರಜ್ಞಾನ್ 100 ಮೀಟರಿಗೂ ಹೆಚ್ಚು ಓಡಾಡಿ, ಮಣ್ಣಿನಲ್ಲಿ ಗಂಧಕವನ್ನು ಪತ್ತೆಹಚ್ಚಿತು. ಸೆಪ್ಟೆಂಬರ್ 2ರಂದು ಪ್ರಜ್ಞಾನ್, 4ರಂದು ವಿಕ್ರಮ್ ನಿದ್ರಾಸ್ಥಿತಿಗೆ ಹೋದವು. ರಾತ್ರಿಯಲ್ಲಿ ಅಲ್ಲಿನ ತಾಪಮಾನ ಶೂನ್ಯಕ್ಕಿಂತ ನೂರಕ್ಕೂ ಹೆಚ್ಚು ಡಿಗ್ರಿ ಕೆಳಗಿಳಿಯುತ್ತದೆ. ಅಂಥ ಚಳಿಯಲ್ಲಿ ಬ್ಯಾಟರಿಯೊಳಗಿನ ದ್ರವ ಹೆಪ್ಪುಗಟ್ಟಬಹುದು, ಎಲೆಕ್ಟ್ರಾನಿಕ್ ಬೆಸುಗೆಗಳು ಬಿರುಕು ಬಿಡಬಹುದು. ಸೆಪ್ಟೆಂಬರ್ 22ರ ಹೊತ್ತಿಗೆ ಮತ್ತೆ ಬೆಳಗಾದಾಗ ಎಬ್ಬಿಸಲು ಯತ್ನಿಸಿದರೂ ಉತ್ತರ ಬರಲಿಲ್ಲ. ಎದ್ದಿದ್ದರೆ ಅದು ಬೋನಸ್. ಏಳದಿದ್ದದ್ದು ಸೋಲಲ್ಲ.

ಮಂಗಳಯಾನದ ಕೊನೆ

2014ರ ಸೆಪ್ಟೆಂಬರ್ 24ರಂದು ಮಂಗಳನ ಕಕ್ಷೆ ಸೇರಿದ ನೌಕೆಗೆ ನಿಗದಿಯಾಗಿದ್ದ ಆಯಸ್ಸು ಆರು ತಿಂಗಳು. ಅದು ಬಾಳಿದ್ದು ಏಳು ವರ್ಷಕ್ಕೂ ಹೆಚ್ಚು. ಅಲ್ಲಿ ಬಿಸಿಲಿನ ತೀವ್ರತೆ ಭೂಮಿಯ ಬಳಿ ಇರುವುದರ ಅರ್ಧಕ್ಕಿಂತಲೂ ಕಡಿಮೆ. 2022ರ ಏಪ್ರಿಲ್‌ನಲ್ಲಿ ದೀರ್ಘ ಗ್ರಹಣವೊಂದರ ಬಳಿಕ ಸಂಪರ್ಕ ಕಡಿಯಿತು. ಇಂಧನ ಮುಗಿದು, ಸತತವಾಗಿ ವಿದ್ಯುತ್ ಪಡೆಯಲು ಬೇಕಾದ ದಿಕ್ಕಿಗೆ ನೌಕೆಯನ್ನು ತಿರುಗಿಸಲಾಗಲಿಲ್ಲ ಎಂಬ ತೀರ್ಮಾನಕ್ಕೆ ಇಸ್ರೋ ಬಂತು. ಇಂಧನ ನೇರವಾಗಿ ಕರೆಂಟ್ ಕೊಡದಿದ್ದರೂ, ಅದಿಲ್ಲದೆ ಫಲಕಗಳೂ ನಿಷ್ಪ್ರಯೋಜಕ.

ಬಿಸಿಲೇ ಇಲ್ಲದ ಕಡೆ?

1977ರಲ್ಲಿ ಹೊರಟ ಅಮೆರಿಕದ ವಾಯೇಜರ್ ನೌಕೆಗಳು ಸೌರ ಫಲಕಗಳಿಂದ ಪ್ರಯೋಜನವಿಲ್ಲದಷ್ಟು ದೂರದಲ್ಲಿವೆ. ಅವುಗಳಲ್ಲಿ ಪ್ಲುಟೋನಿಯಂ-238 ತಾನಾಗಿಯೇ ಕ್ಷಯಿಸುತ್ತ ಶಾಖ ಕೊಡುತ್ತದೆ, ಆ ಶಾಖ ವಿದ್ಯುತ್ ಆಗುತ್ತದೆ. ಇದು ಅಣುಬಾಂಬ್ ಅಲ್ಲ, ರಿಯಾಕ್ಟರ್ ಕೂಡ ಅಲ್ಲ. ವರ್ಷಕ್ಕೆ ಸುಮಾರು 4 ವ್ಯಾಟ್ ಕಡಿಮೆಯಾಗುವುದರಿಂದ ಉಪಕರಣಗಳನ್ನು ಒಂದೊಂದಾಗಿ ಆರಿಸಲಾಗುತ್ತಿದೆ.

ನೆನಪಿಡಿ

"ನೌಕೆ ಸತ್ತಿತು, ಯೋಜನೆ ವಿಫಲ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಅದನ್ನು ಎಷ್ಟು ದಿನಕ್ಕೆಂದು ಕಳಿಸಿದ್ದರು? ವಿಕ್ರಮ್ ತನಗೆ ಕೊಟ್ಟ ಒಂದು ಹಗಲಿನ ಕೆಲಸವನ್ನು ಪೂರ್ತಿ ಮುಗಿಸಿಯೇ ಮಲಗಿತು.